ಕಮಿಷನರಮ್ಮನ ಗಂಡ

ಬಂಗಾರಪೇಟೆ ಜಂಕ್ಷನ್

ನಾನು ಇಂಗ್ಲೆಂಡಿಗೆ ಹೋದದ್ದು ಊರು ನೋಡಲಿಕ್ಕಲ್ಲ, ಪೊಲೀಸ್ ಕಂಪ್ಲೇಂಟ್ ಕೊಡಲಿಕ್ಕೆ. ವೀಸಾ ಆಫೀಸಿನಲ್ಲಿ ಪ್ರಯಾಣದ ಉದ್ದೇಶ ಕೇಳಿದಾಗ ಹೀಗೆಂದು ಹೇಳಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಕಳಿಸುತ್ತಿದ್ದರು. ಹಾಗಾಗಿ ಅರ್ಧ ನಿಜ ಹೇಳಿದೆ: ತಂಗಿಯ ಮಗಳನ್ನು ನೋಡಿಕೊಂಡು ಬರಬೇಕು.

ತಂಗಿ ಲಕ್ಷ್ಮಿಯ ಮಗಳು ಭವಾನಿ ಅಲ್ಲೊಂದು ವೃದ್ಧಾಶ್ರಮದಲ್ಲಿ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಕೆಲಸದ್ದೇನೂ ತಕರಾರಿಲ್ಲ, ತಕರಾರಿದ್ದದ್ದು ಮನೆಗೆ ಬರುವ ದಾರಿಯದ್ದು. ಬಸ್ಸಿಳಿದು ದೊಡ್ಡ ರಸ್ತೆಯ ಅಡಿಯ ಸುರಂಗದಲ್ಲಿ ನಡೆದು ಬರಬೇಕು. ಅಲ್ಲಿ ಕೆಲವು ಪಡ್ಡೆ ಹುಡುಗರು ಮೊಟ್ಟೆ ಎಸೆಯುವುದು, ಬ್ಯಾಗು ಎಳೆಯುವುದು, ಬಾಯಿಗೆ ಬಂದದ್ದು ಅನ್ನುವುದು. ಕಂಪ್ಯೂಟರಿನಲ್ಲಿ ದೂರು ಕೊಟ್ಟಳಂತೆ, ಒಂದು ನಂಬರು ಬಂತಂತೆ. ಇನ್ನೊಮ್ಮೆ ಕೊಟ್ಟಳಂತೆ, ಇನ್ನೊಂದು ನಂಬರು ಬಂತಂತೆ. ಕೊನೆಗೊಂದು ದಿನ ಫೋನಿನಲ್ಲಿ ಅಳುತ್ತಾ "ಇನ್ ಆಗಲ್ಲಮ್ಮ, ಬಂದ್ಬಿಡ್ತೀನಿ" ಎಂದಳು.

ಲಕ್ಷ್ಮಿ ಈ ಮಾತಿಗೇ ಕಾದಿದ್ದಳು. ಮಾಲೂರಿನ ಒಂದು ಗಂಡನ್ನು ಅವಳು ಬಹಳ ದಿನದಿಂದ ಕಾಯಿಸಿ ಇಟ್ಟಿದ್ದಾಳೆ. ತೋಟವಿದೆ, ಟ್ರ್ಯಾಕ್ಟರ್ ಇದೆ, ಆ ಹುಡುಗನಿಗೆ ಬಾಯಿ ಮಾತ್ರ ಇಲ್ಲ, ಅವನ ಪರವಾಗಿ ಸೋದರಮಾವ ಮಾತಾಡುತ್ತಾನೆ. ಭವಾನಿ ಅಷ್ಟು ದೂರದ ಕೆಲಸ ಹುಡುಕಿಕೊಂಡಿದ್ದೇ ಆ ಟ್ರ್ಯಾಕ್ಟರಿನಿಂದ ತಪ್ಪಿಸಿಕೊಳ್ಳಲಿಕ್ಕೆ ಎಂಬುದು ಮನೆಯವರೆಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಅಕ್ಕಾ, ನೀನೋಗು," ಎಂದಳು ಲಕ್ಷ್ಮಿ. "ಸರಿ ಮಾಡಕ್ಕಾದ್ರೆ ಮಾಡು. ಆಗ್ಲಿಲ್ವಾ, ಜೊತೇಲೇ ಕರ್ಕೊಂಬಾ. ನಂಗೆ ವಿಮಾನ ಅಂದ್ರೆ ಕೈಕಾಲು ನಡುಗ್ತೈತೆ."

ನನ್ನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಕಾಮಸಮುದ್ರದ ಹತ್ತಿರದ ನಮ್ಮ ಪಂಚಾಯ್ತಿಗೆ ಒಂದು ಅವಧಿ ನಾನು ಅಧ್ಯಕ್ಷೆಯಾಗಿದ್ದೆ. ಮಹಿಳಾ ಮೀಸಲು ಬಂತು, ನಮ್ಮ ಯಜಮಾನರು ಮುನಿವೆಂಕಟಪ್ಪನವರು ನನ್ನ ಹೆಸರು ಕೊಟ್ಟರು, ಊರವರು ಅವರ ಮುಖ ನೋಡಿ ನನಗೆ ಓಟು ಹಾಕಿದರು. ಗೆದ್ದ ಮೇಲೆ ಊರಲ್ಲಿ ಎಲ್ಲರೂ "ಅಧ್ಯಕ್ಷರೇ" ಎಂದು ಕರೆಯುತ್ತಿದ್ದದ್ದು ಅವರನ್ನು. ನನ್ನನ್ನು "ಅಧ್ಯಕ್ಷರ ಮನೆಯೋರು" ಎನ್ನುತ್ತಿದ್ದರು. ಸಭೆಯಲ್ಲಿ ನನ್ನ ಕುರ್ಚಿಯ ಪಕ್ಕ ಅವರದೊಂದು ಕುರ್ಚಿ. ಪ್ರಶ್ನೆ ನನಗೆ, ಉತ್ತರ ಅವರದು, ಸಹಿ ನನ್ನದು.

ಆದರೂ ಠಾಣೆಯ ಕೆಲಸ ಮಾತ್ರ ಚೆನ್ನಾಗಿ ಕಲಿತೆ. ಹಸು ಕಳುವಾಗಲಿ, ಪಂಪ್‌ಸೆಟ್ ಹೋಗಲಿ, ಕಳೆದುಕೊಂಡವನು ಒಬ್ಬನೇ ಠಾಣೆಗೆ ಹೋದರೆ "ನಾಳೆ ಬಾ". ಒಂದು ಟೆಂಪೋ ತುಂಬ ಜನ ಹೋದರೆ ಬೆಂಚು ಒರೆಸಿ ಕೂರಿಸುತ್ತಾರೆ. ಇದು ಯಾವ ಕಾನೂನಿನಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಜಮಾನರು ರೈಲು ಹತ್ತಿಸಲು ಬಂದರು. ನನ್ನ ಒಂದು ಚೀಲದಲ್ಲಿ ಇಲ್ಲಿಯ ಪಾನಿಪುರಿಯ ಪುರಿಗಳು, ಪಾನಿಯ ಮಸಾಲೆ. ಹೊರಗಿನವರಿಗೆ ಒಂದು ಮಾತು ಹೇಳಬೇಕು: ನಮ್ಮ ಬಂಗಾರಪೇಟೆಯ ಪಾನಿ ಹಸಿರಾಗಿರುವುದಿಲ್ಲ. ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾಗುತ್ತದೆ ಅದೇನೆಂದು. ಭವಾನಿ ಊರಿನಿಂದ ಕೇಳಿದ್ದು ಅದೊಂದನ್ನೇ.

"ಅಲ್ಲೋಗಿ ಅಧ್ಯಕ್ಷೆ ಅಂತ ಏಳ್ಕೋಬ್ಯಾಡ," ಎಂದರು ಯಜಮಾನರು ಕಿಟಕಿಯ ಹೊರಗಿನಿಂದ. "ನಗ್ತಾರೆ. ಏನಾದ್ರೂ ಮಾತಾಡೋದಿದ್ರೆ ನಂಗೆ ಫೋನ್ ಮಾಡು, ನಾನ್ ಮಾತಾಡ್ತೀನಿ."

ಅವರಿಗೆ ಇಂಗ್ಲಿಷಿನಲ್ಲಿ ಬರುವುದು ಯೆಸ್, ನೋ ಮತ್ತು ಸಬ್ಸಿಡಿ. ನಾನೋ ಕೆಜಿಎಫ್‌ನ ಕೋರಮಂಡಲಿನ ಶಾಲೆಯಲ್ಲಿ ಓದಿದವಳು. ನಮ್ಮಪ್ಪ ಅಲ್ಲಿಯ ನಂದಿದುರ್ಗದ ಚಿನ್ನದ ಗಣಿಯಲ್ಲಿದ್ದರು. ತೆಲುಗಿನ ಲೆಕ್ಕ, ತಮಿಳಿನ ಬೈಗುಳ, ಇಂಗ್ಲಿಷಿನ ಪ್ರಾರ್ಥನೆ, ಮೂರೂ ನನಗೆ ಚಿಕ್ಕಂದಿನಿಂದ ಬಾಯಿಪಾಠ. ಆದರೂ ತಲೆಯಾಡಿಸಿದೆ. ಅಷ್ಟು ವರ್ಷದ ಅಭ್ಯಾಸ.

ಇಳಿದ ಊರು

ಭವಾನಿಯ ಊರಿನ ಹೆಸರು ಹೇಳುವುದಿಲ್ಲ, ಅವಳು ಬೇಡ ಅಂದಿದ್ದಾಳೆ. ಒಂದು ಕಾಲದಲ್ಲಿ ಅದು ಕಲ್ಲಿದ್ದಲಿನ ಗಣಿಯ ಊರು. ಗಣಿ ಮುಚ್ಚಿ ಬಹಳ ಕಾಲವಾಗಿದೆ. ಬಸ್ಸಿನ ಕಿಟಕಿಯಿಂದ ಒಂದು ಉದ್ದನೆಯ ದಿಬ್ಬ ಕಂಡಿತು. ಬೆಟ್ಟಕ್ಕೆ ಅಂಥ ಆಕಾರ ಇರುವುದಿಲ್ಲ, ಮನುಷ್ಯರು ಸುರಿದದ್ದಕ್ಕೆ ಮಾತ್ರ ಇರುತ್ತದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ತಮ್ಮ ದಿಬ್ಬದ ಮೇಲೆ ಹುಲ್ಲು ಬೆಳೆಸಿ, ಬೆಂಚು ಹಾಕಿ, ನಾಯಿ ತಿರುಗಿಸುತ್ತಾರೆ. ನಮ್ಮದರ ಮೇಲೆ ಸಿನಿಮಾದವರು ಫೈಟಿಂಗ್ ತೆಗೆಯುತ್ತಾರೆ, ಗಾಳಿ ಬಂದ ದಿನ ಮಣ್ಣು ನಮ್ಮ ಅನ್ನದ ತಟ್ಟೆಗೆ ಬೀಳುತ್ತದೆ. ಹೊಟ್ಟೆಕಿಚ್ಚಾಯಿತು, ಇಲ್ಲ ಅನ್ನುವುದಿಲ್ಲ.

ಮನೆಗೆ ಹೋಗಿ ಚೀಲ ಬಿಚ್ಚಿದರೆ ಪುರಿಗಳೆಲ್ಲ ಪುಡಿ. ಒಂದಾದರೂ ಇಡಿಯಾಗಿ ಉಳಿದಿರಲಿಲ್ಲ. ಸೀರೆಯಲ್ಲಿ ಸುತ್ತಿಟ್ಟಿದ್ದ ಮಸಾಲೆ ಬಾಟಲಿ ಮಾತ್ರ ಗಟ್ಟಿಯಾಗಿ ಬಂದಿತ್ತು. ಭವಾನಿ ಬಟ್ಟಲಿನಲ್ಲಿ ಪುಡಿ ಹಾಕಿ, ಮೇಲೆ ಪಾನಿ ಸುರಿದು, ಚಮಚದಲ್ಲಿ ತಿಂದಳು. ತಿನ್ನುತ್ತಾ ಕಣ್ಣು ಒರೆಸಿಕೊಂಡಳು. ಖಾರಕ್ಕೋ ಊರಿನ ನೆನಪಿಗೋ ನಾನು ಕೇಳಲಿಲ್ಲ.

ಅಲ್ಲಿಯ ಜನರ ವಿಷಯ ಹೇಳಬೇಕೆಂದರೆ, ಅವರು ವಿಪರೀತ ಸಾರಿ ಕೇಳುತ್ತಾರೆ. ಅಂಗಡಿಯಲ್ಲಿ ನಾನು ಒಬ್ಬಾಕೆಯ ಕಾಲು ತುಳಿದೆ, ಆಕೆ ಸಾರಿ ಅಂದಳು. ಇಷ್ಟು ಒಳ್ಳೆಯವರು ಪಕ್ಕದ ಮನೆಯವರ ಹೆಸರು ಮಾತ್ರ ಕೇಳುವುದಿಲ್ಲ. ಭವಾನಿ ಆ ಬೀದಿಗೆ ಬಂದು ಎರಡು ಚಳಿಗಾಲವಾಗಿದೆ, ಪಕ್ಕದ ಮನೆಯ ಮುದುಕ ಅವಳ ಜೊತೆ ಮಾತಾಡಿದ್ದು ಕಸದ ಡಬ್ಬಿಯ ಬಣ್ಣದ ವಿಷಯ ಒಂದೇ. ನಮ್ಮೂರಲ್ಲಿ ಹೊಸಬರು ಬಂದು ಸಾಮಾನು ಇಳಿಸುವ ಮುಂಚೆಯೇ ಅವರ ಜಾತಿ, ಸಂಬಳ, ಮಂಡಿನೋವು ಎಲ್ಲವೂ ಎದುರು ಮನೆಗೆ ತಿಳಿದಿರುತ್ತದೆ. ಎರಡರಲ್ಲಿ ಯಾವುದು ಕೆಟ್ಟದ್ದೆಂದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಸುರಂಗದ ದಾರಿ

ಮರುದಿನ ಅವಳನ್ನು ಕರೆತರಲು ಬಸ್ ಸ್ಟಾಪಿಗೆ ಹೋದೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಸರ್ಕಾರಿ ನೌಕರನ ಹಾಗೆ, ತಡವಾಗಿ ಬಂದು ಬೇಗ ಹೋಗುತ್ತಾನೆ. ನಮ್ಮಲ್ಲಿ ಸಂಜೆಯ ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ಕತ್ತಲು. ಸುರಂಗದಲ್ಲಿ ಒಂದು ಲೈಟು ಕೆಟ್ಟಿತ್ತು, ಇನ್ನೊಂದು ಕೆಡಲೋ ಬೇಡವೋ ಎಂದು ಮಿಣುಕುತ್ತಿತ್ತು.

ಇಬ್ಬರೂ ಸುರಂಗದ ನಡುವೆ ಬಂದಾಗ ಆ ತುದಿಯಿಂದ ಏನೋ ಹಾರಿ ಬಂದು ನನ್ನ ಹೆಗಲ ಮೇಲೆ ಒಡೆಯಿತು. ಮೊಟ್ಟೆ. ಟೋಪಿ ಎಳೆದುಕೊಂಡ ನಾಲ್ಕೈದು ಆಕಾರಗಳು ನಗುತ್ತಿದ್ದವು. ಭವಾನಿಗೆ ಏನೋ ಅಂದರು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು, ಕೋರಮಂಡಲಿನ ನೀರಿನ ನಲ್ಲಿಯ ಹತ್ತಿರ ಕಲಿತ ತಮಿಳನ್ನೆಲ್ಲ ಒಂದೇ ಉಸಿರಿಗೆ ಬಿಟ್ಟೆ. ಸುರಂಗ ಅದನ್ನು ಎರಡೆರಡು ಸಲ ಹೇಳಿತು. ಹುಡುಗರು ಒಂದು ಗಳಿಗೆ ಬೆಚ್ಚಿ, ಆಮೇಲೆ ಇನ್ನೂ ಜೋರಾಗಿ ನಕ್ಕು ಓಡಿದರು.

ನನಗೂ ನಗು ಬರುವುದರಲ್ಲಿತ್ತು. ಪಕ್ಕಕ್ಕೆ ನೋಡಿದೆ. ಭವಾನಿ ತಲೆ ತಗ್ಗಿಸಿ, ಬ್ಯಾಗನ್ನು ಎದೆಗೆ ಒತ್ತಿಕೊಂಡು, ಗೋಡೆಯ ಬದಿಗೆ ನಡೆಯುತ್ತಿದ್ದಳು. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆ ತಂದು ನನ್ನ ಹೆಗಲು ಒರೆಸಿದಳು. ಮೊದಲು ತಣ್ಣೀರು, ಆಮೇಲೆ ಸೋಪು. ಬಿಸಿನೀರು ಹಾಕಿದರೆ ಮೊಟ್ಟೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ ಎಂದಳು. ಅವಳ ಕೈಗೆ ಅಷ್ಟು ಚೆನ್ನಾಗಿ ರೂಢಿಯಾಗಿದ್ದದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಅಲ್ಲಿಯವರೆಗೆ ಅವಳನ್ನು ಊರಿಗೆ ಕರೆದುಕೊಂಡು ಹೋಗಿಬಿಡುವುದೇ ಸುಲಭ ಎಂದುಕೊಂಡಿದ್ದವಳು ನಾನು. ಆ ಹುಡುಗರಿಗೆ ಹೆದರಿ ನಮ್ಮ ಹುಡುಗಿ ಮಾಲೂರಿಗೆ ಹೋಗಬೇಕೇ?

ಹಳೇ ಠಾಣೆ

ಮರುದಿನ ಅವಳಿಗೆ ರಜೆ. ಠಾಣೆ ತೋರಿಸು ಎಂದೆ. ಕಲ್ಲಿನ ಕಟ್ಟಡ, ಬಾಗಿಲ ಮೇಲೆ ನೀಲಿ ದೀಪ, ಹೊರಗಿನಿಂದ ಬಹಳ ಗಂಭೀರ. ಒಳಗೆ ಗಂಡಸರು ಹೆಂಗಸರು ಬೆವರು ಸುರಿಸಿಕೊಂಡು ಯಂತ್ರಗಳ ಮೇಲೆ ಓಡುತ್ತಿದ್ದರು. ಪರವಾಗಿಲ್ಲ, ಕಳ್ಳರನ್ನು ಅಟ್ಟಿ ಹಿಡಿಯಲು ಇಷ್ಟೊಂದು ತಯಾರಿ ಮಾಡುತ್ತಾರಲ್ಲ ಎಂದು ಮೆಚ್ಚಿಕೊಂಡೆ. ಮೇಜಿನ ಹಿಂದಿನ ಹುಡುಗಿ ಸಾರಿ ಕೇಳಿ ಹೇಳಿದಳು: ಠಾಣೆ ಮುಚ್ಚಿ ವರ್ಷಗಳಾದವು, ಇದು ಈಗ ಜಿಮ್.

ನಮ್ಮ ಕೆಜಿಎಫ್ ನೋಡಿ. ಚಿನ್ನ ಹೋಯಿತು, ಗಣಿ ಹೋಯಿತು, ಕೆಲಸ ಹೋಯಿತು. ಪೊಲೀಸ್ ಜಿಲ್ಲೆ ಮಾತ್ರ ಬೇರೆಯಾಗಿಯೇ ಉಳಿಯಿತು, ನಮಗೇ ಅಂತ ಒಬ್ಬ ಎಸ್‌ಪಿ. ಇಲ್ಲಿ ಊರೆಲ್ಲ ಇದೆ, ಠಾಣೆ ಇಲ್ಲ.

ಆ ಜಿಮ್ಮಿನ ಗೋಡೆಯ ಮೇಲೊಂದು ಪೋಸ್ಟರಿತ್ತು. ನಗುಮುಖದ ಒಬ್ಬ ಹೆಂಗಸಿನ ಫೋಟೋ. ಪೊಲೀಸ್ ಮತ್ತು ಅಪರಾಧ ಕಮಿಷನರ್ ಅವರು ಇದೇ ವಾರ ಚರ್ಚ್ ಹಾಲಿನಲ್ಲಿ ಸಾರ್ವಜನಿಕರನ್ನು ಭೇಟಿ ಮಾಡುತ್ತಾರೆ, ಎಲ್ಲರಿಗೂ ಸ್ವಾಗತ, ಚಹಾ ಉಂಟು.

"ಇವ್ರು ಪೊಲೀಸಾ?" ಎಂದು ಕೇಳಿದೆ.

ಭವಾನಿ ಫೋನಿನಲ್ಲಿ ಹುಡುಕಿ ಓದಿದಳು. "ಅಲ್ಲ ದೊಡ್ಡಮ್ಮ. ಎಲೆಕ್ಷನ್ನಲ್ಲಿ ಗೆದ್ದಿರೋರು. ಸುತ್ತಮುತ್ತ ಇರೋ ಊರ್ಗಳ ಪೊಲೀಸ್ನೋರೆಲ್ಲಾ ಇವರ ಕೆಳಗೆ ಬತ್ತಾರೆ. ದುಡ್ಡು ಎಷ್ಟು, ಮುಖ್ಯವಾಗಿ ಏನ್ ಮಾಡ್ಬೇಕು, ಅದೆಲ್ಲಾ ಇವ್ರು ಗೊತ್ ಮಾಡ್ತಾರೆ. ಪೊಲೀಸ್ ಚೀಫನ್ನ ಇವ್ರೇ ನೇಮಿಸ್ತಾರೆ, ಬ್ಯಾಡಾಂದ್ರೆ ತೆಗಿತಾರೆ."

"ಅಂಗಾದ್ರೆ ಸುರಂಗಕ್ಕೆ ನಾಲ್ಕು ಜನ ಕಳ್ಸಿ ಅಂದ್ರೆ ಆಯ್ತಲ್ಲ!"

"ಅದೊಂದು ಮಾತ್ರ ಅನ್ನಂಗಿಲ್ವಂತೆ. ಯಾರನ್ನ ಹಿಡೀಬೇಕು, ಯಾವ ಬೀದಿಗೆ ಓಗ್ಬೇಕು, ಅದು ಚೀಫಿನ ಇಷ್ಟ."

ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮದುವೆ ಮನೆಯ ಯಜಮಾನನ ಹಾಗೆ. ಭಟ್ಟರನ್ನು ಗೊತ್ತು ಮಾಡಬಹುದು, ಸಾಮಾನು ತಂದುಕೊಡಬಹುದು, ರುಚಿಯಾಗದಿದ್ದರೆ ಓಡಿಸಲೂಬಹುದು. ಸಾರಿಗೆ ಉಪ್ಪು ಮಾತ್ರ ಹಾಕುವ ಹಾಗಿಲ್ಲ. ನಮ್ಮ ಕಡೆ ಗೆದ್ದವರಿಗೆ ಇಂಥ ಕಟ್ಟುಪಾಡು ಹಾಕಿದರೆ ಚುನಾವಣೆಗೆ ನಿಲ್ಲುವವರೇ ಸಿಗುವುದಿಲ್ಲ.

ಇನ್ನೊಂದು ಸುದ್ದಿಯನ್ನೂ ಓದಿದಳು. ಇನ್ನು ಕೆಲವು ವರ್ಷಗಳಲ್ಲಿ ಈ ಹುದ್ದೆಯನ್ನೇ ತೆಗೆದುಹಾಕುತ್ತಾರಂತೆ, ಇಂಥದೊಂದು ಇದೆಯೆಂದು ಹೆಚ್ಚಿನ ಜನಕ್ಕೆ ಗೊತ್ತಿಲ್ಲವೆಂಬುದೂ ಒಂದು ಕಾರಣವಂತೆ. ವಿಚಿತ್ರ ಜನ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಹುದ್ದೆಗಳೇ ಹೆಚ್ಚು ಕಾಲ ಬಾಳುವುದು.

"ತೆಗೆಯೋದ್ರೊಳಗೆ ಓಗ್ಬರೋಣ," ಎಂದೆ. "ಒಬ್ರೇ ಅಲ್ಲ. ಟೆಂಪೋ ತುಂಬ."

ರಾನ್ ತಾತನ ಮನೆ

ಬಾಗಿಲು ಬಾಗಿಲಿಗೆ ಹೋಗಿ ಜನ ಕರೆಯುತ್ತೇನೆ ಎಂದಾಗ ಭವಾನಿ ನನ್ನ ಕೈ ಹಿಡಿದುಕೊಂಡಳು. "ದೊಡ್ಡಮ್ಮಾ, ಬ್ಯಾಡ. ಇಲ್ಲಿ ಯಾರೂ ಅಂಗೆಲ್ಲ ಬಾಗ್ಲು ತಟ್ಟಲ್ಲ. ತಟ್ಟಿದ್ರೆ ದೇವ್ರ ಪ್ರಚಾರಕ್ಕೆ ಬಂದವ್ರೆ ಅಂತ ಒಳಗಿದ್ರೂ ತೆಗಿಯಲ್ಲ."

ಕರೆಯಲು ಹೋಗುವವರು ಬರಿಗೈಲಿ ಹೋಗಬಾರದು. ಉಳಿದ ಮಸಾಲೆಗೆ ನೀರು ಬೆರೆಸಿ ಒಂದು ಜಗ್ ತುಂಬ ಪಾನಿ ಮಾಡಿದೆ, ಪುರಿಯ ಪುಡಿಯನ್ನು ಒಂದು ಡಬ್ಬಿಗೆ ಹಾಕಿಕೊಂಡೆ, ಸ್ವೆಟರಿನ ಮೇಲೆ ಸೆರಗು ಹೊದ್ದು ಹೊರಟೆ, ಭವಾನಿಯೂ ಹಿಂದೆಯೇ ಬಂದಳು.

ಮೊದಲ ಬಾಗಿಲು ಕಸದ ಡಬ್ಬಿಯ ಮುದುಕನದು. ಹೆಸರು ರಾನ್. ಹಿಂದೆ ಕೆಂಚು ನಾಯಿ. ಅವನ ಇಂಗ್ಲಿಷು ಕೇಳಿ ನನಗೆ ಜೀವ ಬಂತು. ನಾವು "ಹೋಗು" ಎನ್ನುವುದನ್ನು "ಓಗು" ಮಾಡುವ ಹಾಗೆ ಅವನೂ ಮಾತಿನ ಮೊದಲ ಹಕಾರವನ್ನು ನುಂಗುತ್ತಾನೆ. ಹಾಗಾಗಿ ಅವನ ಮಾತನ್ನು ನಮ್ಮ ಕಾಮಸಮುದ್ರದ ಕನ್ನಡದಲ್ಲೇ ಬರೆಯುತ್ತೇನೆ, ಬೇರೆ ಯಾವ ಕನ್ನಡವೂ ಅವನಿಗೆ ಹೊಂದುವುದಿಲ್ಲ.

ಒಂದು ಲೋಟ ಪಾನಿ ಬಗ್ಗಿಸಿ ಅವನ ಕೈಗಿಟ್ಟೆ. ನಾನು ಡಬ್ಬಿ ತೆರೆಯುತ್ತಾ, ಇದನ್ನು ಅದರಲ್ಲಿ ಹಾಕಿಕೊಂಡು ತಿನ್ನಬೇಕು ಎಂದು ವಿವರಿಸುವಷ್ಟರಲ್ಲಿ ಅವನು ಅದನ್ನು ನೀರೆಂದುಕೊಂಡು, ಮರ್ಯಾದೆಗಾಗಿ, ಗಟಗಟ ಕುಡಿದುಬಿಟ್ಟ.

ಮೊದಲು ಕಿವಿ ಕೆಂಪಾಯಿತು. ಆಮೇಲೆ ಕಣ್ಣು. ಗೋಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ. ನಾಯಿ ನನ್ನನ್ನು ನೋಡಿ ಬೊಗಳತೊಡಗಿತು. ದೂರು ಕೊಡಲು ಬಂದವಳ ಮೇಲೆಯೇ ಈಗ ದೂರು ಎಂದುಕೊಂಡೆ. ಭವಾನಿ ಸಾರಿ ಸಾರಿ ಎನ್ನುತ್ತಾ ಹಾಲು ತರಲು ಓಡಿದಳು.

ರಾನ್ ಮೂಗು ಒರೆಸಿಕೊಂಡು, ಲೋಟವನ್ನು ದೀಪಕ್ಕೆ ಹಿಡಿದು ನೋಡಿ, ನನ್ನ ಮುಂದೆ ಚಾಚಿದ. "ಇನ್ನೊಂದ್ ಲೋಟ ಐತಾ?"

ಆಮೇಲೆ ಮಾತು ಸಲೀಸಾಯಿತು. ಅವನು ಕಲ್ಲಿದ್ದಲಿನ ಗಣಿಯಲ್ಲಿ ಇದ್ದವನು. ನಮ್ಮಪ್ಪ ಚಿನ್ನದ ಗಣಿಯಲ್ಲಿ ಎಂದೆ. "ಚಿನ್ನವಾ? ಅಂಗಾದ್ರೆ ನೀನು ಸಾವ್ಕಾರ್ತಿ!" ಎಂದ. ಚಿನ್ನ ಯಾರ ಮನೆಗೆ ಹೋಯಿತೋ, ನಮ್ಮ ಮನೆಗೆ ಬಂದದ್ದು ಧೂಳಿನ ಕೆಮ್ಮು ಎಂದೆ. ಅವನು ತನ್ನ ಎದೆ ತಟ್ಟಿ ಕೆಮ್ಮಿ ತೋರಿಸಿದ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ, ಆದರೂ ಇಬ್ಬರೂ ನಕ್ಕೆವು.

ಮೊಟ್ಟೆಯ ವಿಷಯ ಹೇಳಿದಾಗ ಅವನ ಮುಖ ಬದಲಾಯಿತು. "ನನ್ ಕಿಟಕಿಗೂ ಒಡೆದವ್ರೆ. ಕಲ್ಲಲ್ಲೂ ಒಂದ್ಸಲ. ನಂಬರ್ ಕೊಟ್ರು, ಅಷ್ಟೇ. ನಂಗೊಬ್ಬನ್ಗೇ ಇಂಗೆ ಅಂದ್ಕಂಡಿದ್ದೆ." ಮುಂದಿನ ಬಾಗಿಲಲ್ಲಿ ಕೈಗೂಸಿನ ತಾಯಿಯೂ ಅದೇ ಹೇಳಿದಳು. ಅದರ ಮುಂದಿನ ಮನೆಯಲ್ಲೂ ಅದೇ. ಬೀದಿಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ನಂಬರು, ಎಲ್ಲರೂ ತಮಗೊಬ್ಬರಿಗೇ ಎಂದುಕೊಂಡವರು. ನಮ್ಮೂರಿನ ಒಂದು ಜಗಲಿ ಅಲ್ಲಿದ್ದಿದ್ದರೆ ಒಂದು ಸಂಜೆಯಲ್ಲಿ ಗೊತ್ತಾಗುತ್ತಿದ್ದ ವಿಷಯ.

ಚರ್ಚ್ ಹಾಲ್

ನಮ್ಮ ಬೀದಿಯೇ ಎದ್ದು ಬಂದಿತ್ತು. ರಾನ್ ನಾಯಿಯನ್ನೂ ಕರೆತಂದಿದ್ದ. ಇಷ್ಟು ಜನ ಬರುತ್ತಾರೆಂದು ಎಣಿಸದೆ ಬಿಸ್ಕತ್ತು ಕಡಿಮೆ ತಂದಿದ್ದರು.

ಮುಂದೆ ಮೇಜು, ಎರಡು ಕುರ್ಚಿ. ಒಂದರಲ್ಲಿ ಪೋಸ್ಟರಿನ ಹೆಂಗಸು, ನನ್ನ ವಯಸ್ಸಿರಬಹುದು. ಪಕ್ಕದಲ್ಲಿ ಕಪ್ಪು ಜಾಕೆಟ್ಟಿನ ಒಬ್ಬ ಗಂಡಸು. ಜನ ಸುರಂಗದ ವಿಷಯ ಕೇಳುತ್ತಿದ್ದದ್ದು ಆಕೆಯನ್ನು. ಆಕೆ ಬಾಯಿ ತೆರೆಯುವುದರೊಳಗೆ ಆ ಗಂಡಸು ಮುಂದಕ್ಕೆ ಬಾಗಿ ಉತ್ತರ ಹೇಳುತ್ತಿದ್ದ. ಸಿಬ್ಬಂದಿ ಸಾಲದು, ಆದ್ಯತೆ ಇದೆ, ಪರಿಶೀಲನೆಯಲ್ಲಿದೆ. ಆಕೆ ಬರೆದುಕೊಳ್ಳುತ್ತಿದ್ದಳು. ಮತ್ತೆ ಪ್ರಶ್ನೆ, ಮತ್ತೆ ಆತನೇ.

ನನಗೆ ಎಲ್ಲವೂ ಅರ್ಥವಾಗಿಹೋಯಿತು. ಆ ಬಾಗುವುದು, ಆ ಕೆಮ್ಮುವುದು, ಆ "ಅಂದರೆ ಅವರು ಹೇಳುತ್ತಿರುವುದು ಏನೆಂದರೆ" ಎನ್ನುವುದು, ಇವೆಲ್ಲದರ ಪಕ್ಕದ ಕುರ್ಚಿಯಲ್ಲಿ ನಾನು ಒಂದು ಇಡೀ ಅವಧಿ ಕೂತಿದ್ದೇನೆ. ಅಯ್ಯೋ, ಇಲ್ಲೂ ಹೀಗೇನಾ ತಾಯಿ ಎಂದು ಆಕೆಯ ಮೇಲೆ ಮರುಕ ಬಂತು. ಮರುಕ ಹೋಗಿ ಸಿಟ್ಟು ಬಂತು. ಎದ್ದು ನಿಂತೆ.

"ಸ್ವಾಮಿ, ಒಂದು ಮಾತು," ಎಂದೆ ಕೋರಮಂಡಲಿನ ಇಂಗ್ಲಿಷಿನಲ್ಲಿ. "ಗೆದ್ದಿರುವುದು ನಿಮ್ಮ ಹೆಂಡತಿ. ನೀವು ಸ್ವಲ್ಪ ಸುಮ್ಮನಿರಿ. ಅವರು ಮಾತಾಡಲಿ."

ಭವಾನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ರಾನ್‌ನ ಗಂಟಲಿನಿಂದ ಕೆಮ್ಮೋ ನಗುವೋ ಒಂದು ಶಬ್ದ ಹೊರಟಿತು, ಅದರ ಹಿಂದೆ ಇಡೀ ಸಭೆಯೇ ಬಿದ್ದು ಬಿದ್ದು ನಗತೊಡಗಿತು. ಕಮಿಷನರಮ್ಮ ಮೇಜಿನ ಮೇಲೆ ತಲೆಯಿಟ್ಟು ನಕ್ಕರು.

"ನನ್ನ ಗಂಡ ಮನೆಯಲ್ಲಿದ್ದಾನೆ," ಎಂದರು ಕಣ್ಣು ಒರೆಸಿಕೊಳ್ಳುತ್ತಾ. "ಈ ಹೊತ್ತಿಗೆ ಅಡುಗೆ ಸೀಯಿಸುತ್ತಿರುತ್ತಾನೆ. ಇವರು ಇಲ್ಲಿಯ ಪೊಲೀಸ್ ಮುಖ್ಯಸ್ಥರು."

ಆತ ಜಾಕೆಟ್ಟಿನ ಜಿಪ್ಪು ಎಳೆದ. ಒಳಗೆ ಬಿಳಿ ಅಂಗಿ, ಹೆಗಲ ಮೇಲೆ ಪಟ್ಟಿಗಳು. ಟೋಪಿಯಿಲ್ಲ, ಮೀಸೆಯಿಲ್ಲ, ಹೊಟ್ಟೆಯಿಲ್ಲ, ಇವರು ಪೊಲೀಸೆಂದು ಯಾವ ಗುರುತು ಹಿಡಿದು ತಿಳಿಯಬೇಕು? ನಮ್ಮ ಕಡೆ ಇಂಥ ಅಧಿಕಾರಿಯ ಎದುರು ನಾನು ಕುರ್ಚಿಯ ತುದಿಯಲ್ಲೂ ಕೂತವಳಲ್ಲ.

"ಆದರೂ," ಎಂದರು ಕಮಿಷನರಮ್ಮ ಆತನ ಕಡೆ ತಿರುಗಿ, "ಅವರು ಹೇಳಿದ್ದು ಸರಿ. ಸ್ವಲ್ಪ ಸುಮ್ಮನಿರಿ." ಆತ ಕೆಂಪಗಾಗಿ, ಆದರೆ ನಕ್ಕು, ಹಿಂದಕ್ಕೆ ಒರಗಿದ.

ಆಕೆ ನನ್ನ ಪಕ್ಕದಲ್ಲಿದ್ದ ಭವಾನಿಯನ್ನು ನೋಡಿ ಕೇಳಿದರು: ಆ ಸುರಂಗದಲ್ಲಿ ಏನಾಗುತ್ತದೆ? ನಾನು ಹೇಳಿದೆ. ಎಷ್ಟು ದಿನದಿಂದ? ನಾನು ಹೇಳಿದೆ. ಈಗ ನಿಮಗೆ ಏನು ಬೇಕು? ಅವಳನ್ನು ಊರಿಗೆ ಕರೆದುಕೊಂಡು ಹೋಗುವ ಪರಿಸ್ಥಿತಿ ಬಂದಿದೆ ಎಂದು ಶುರು ಮಾಡಿದೆ.

ಕಮಿಷನರಮ್ಮ ಕೈಯೆತ್ತಿದರು. "ಅಮ್ಮಾ, ನೀವೂ ಸ್ವಲ್ಪ ಸುಮ್ಮನಿರಿ. ಅವರು ಮಾತಾಡಲಿ."

ಈ ಸಲದ ನಗು ನನ್ನ ಮೇಲೆ. ಕೂತುಕೊಂಡೆ. ನಾಚಿಕೆಯಾಯಿತು, ಬಹಳ. ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮ ಯಜಮಾನರ ಕೆಲಸವನ್ನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ.

ಭವಾನಿ ಎದ್ದಳು. "ನಾನು ನಿಮ್ಮ ಅಪ್ಪ ಅಮ್ಮಂದಿರಿಗೆ ಸ್ನಾನ ಮಾಡಿಸ್ತೀನಿ, ಊಟ ಮಾಡಿಸ್ತೀನಿ," ಎಂದಳು. "ಸಂಜೆ ಮನೆಗೆ ಹೋಗಿ ತಲೆಯಿಂದ ಮೊಟ್ಟೆ ತೊಳ್ಕೋತೀನಿ. ನನಗೆ ನಂಬರ್ ಬೇಡ. ಒಬ್ಬ ಮನುಷ್ಯ ಬೇಕು, ಕೇಳೋಕೆ." ನನ್ನ ಕಡೆ ನೋಡದೆ, "ಇನ್ನೊಂದು ವಿಷಯ. ನನಗೆ ಊರಿಗೆ ವಾಪಸ್ ಹೋಗೋಕೆ ಇಷ್ಟ ಇಲ್ಲ. ಮನೇಲಿ ಹೇಳೋಕೆ ಆಗ್ಲಿಲ್ಲ, ಅದಕ್ಕೆ ಇಲ್ಲಿ ಹೇಳ್ತಿದೀನಿ," ಎಂದಳು.

ಅವಳಮ್ಮನಿಗೆ, ನನಗೆ ಹೇಳಲಾಗದ್ದನ್ನು ಒಂದು ಹಾಲ್ ತುಂಬ ಬಿಳಿಯರ ಮುಂದೆ ಹೇಳಿದಳು. ನಾವು ಯಾರಾದರೂ ಅವಳನ್ನು ಕೇಳಿದ್ದೆವಾ? ಫೋನಿನಲ್ಲಿ ಅವಳು ಅತ್ತದ್ದನ್ನೇ ಉತ್ತರ ಅಂದುಕೊಂಡಿದ್ದೆವು.

ಅವಳ ಹಿಂದೆ ರಾನ್ ಎದ್ದ, ಕೈಗೂಸಿನ ತಾಯಿ ಎದ್ದಳು, ಬೀದಿ ಎದ್ದಿತು. ಕಮಿಷನರಮ್ಮ ಎಲ್ಲವನ್ನೂ ಕೇಳಿ ಹೇಳಿದ್ದು ಇಷ್ಟು: "ಯಾವ ಬೀದಿಗೆ ಯಾರನ್ನು ಕಳಿಸಬೇಕೆಂದು ನಾನು ಇವರಿಗೆ ಆಜ್ಞೆ ಮಾಡುವಂತಿಲ್ಲ. ಆದರೆ ನಿಮ್ಮೆಲ್ಲರ ಮುಂದೆ ಇವತ್ತು ಕೇಳುತ್ತೇನೆ, ಮುಂದಿನ ತಿಂಗಳು ಇದೇ ಹಾಲಿನಲ್ಲಿ ಮತ್ತೆ ಕೇಳುತ್ತೇನೆ. ಕೇಳುತ್ತಲೇ ಇರುವುದು ನನ್ನ ಕೆಲಸ." ಮುಖ್ಯಸ್ಥರು ಜನ ಕಳಿಸುತ್ತೇನೆಂದು ಒಪ್ಪಿದರು. ಸುರಂಗದ ಕೆಟ್ಟ ಲೈಟಿನ ವಿಷಯ ಕೇಳಿದಾಗ ಮಾತ್ರ ಇಬ್ಬರೂ ಒಟ್ಟಿಗೆ, ಅದು ನಮ್ಮದಲ್ಲ, ಕೌನ್ಸಿಲ್ ಆಫೀಸಿನದು ಎಂದರು. ಅಲ್ಲಿಗೆ ಬಂದ ಮೇಲೆ ಮೊದಲ ಸಲ ನನಗೆ ಊರಲ್ಲೇ ಇದ್ದ ಹಾಗೆ ಅನಿಸಿತು.

ಬಸ್ ಸ್ಟಾಪು

ಇಬ್ಬರು ಪೊಲೀಸರು ಬಂದರು. ಅವರಿದ್ದಾಗ ಹುಡುಗರಿಲ್ಲ, ಅವರು ಹೋದ ಮೇಲೆ ಹುಡುಗರು ಹಾಜರು. ಎಲ್ಲ ದೇಶದಲ್ಲೂ ಇಷ್ಟೇ. ಆದರೆ ಹಾಲಿನಿಂದ ಮನೆಗೆ ಬರುವಾಗ ರಾನ್ ಭವಾನಿಯನ್ನು ಒಂದು ಮಾತು ಕೇಳಿದ್ದ: "ನಿನ್ ಬಸ್ಸು ಯಾವಾಗ್ ಬತ್ತೈತೆ?"

ಗಣಿಯಲ್ಲಿ ಶಿಫ್ಟು ಮುಗಿದಾಗ ಇಳಿದವರೆಲ್ಲ ಮೇಲೆ ಬರುವತನಕ ಯಾರೂ ಮನೆಗೆ ಹೋಗ್ತಿರಲಿಲ್ಲ ಎಂದ ಅವನು. ನಮ್ಮಪ್ಪನೂ ಹಾಗೇ. ಮನೆಯಲ್ಲಿ ಮುದ್ದೆ ತಣ್ಣಗಾಗುತ್ತಿದ್ದರೂ ಜೊತೆಯವರು ಬರುವವರೆಗೆ ನಂದಿದುರ್ಗದ ಗೇಟಿನಲ್ಲೇ ನಿಂತಿರುತ್ತಿದ್ದರು, ಅಮ್ಮ ಬೈಯುತ್ತಿದ್ದಳು.

ಮರುದಿನದಿಂದ ರಾನ್ ಬಸ್ ಸ್ಟಾಪಿಗೆ ಬರತೊಡಗಿದ. ನಿನಗಾಗಿ ಅಲ್ಲ, ನಾಯಿ ತಿರುಗಿಸಬೇಕಲ್ಲ ಎನ್ನುತ್ತಿದ್ದ. ಅವನಿಗೆ ಕೆಮ್ಮು ಜಾಸ್ತಿಯಾದ ದಿನ ಕೈಗೂಸಿನ ತಾಯಿ ಗಾಡಿ ತಳ್ಳಿಕೊಂಡು ಬಂದಳು. ಹಾಗೇ ಸರದಿ ಬಿತ್ತು. ಮುದುಕ, ನಾಯಿ, ಮಗು, ಇವರ ಎದುರು ಮೊಟ್ಟೆ ಎತ್ತಲು ಹುಡುಗರಿಗೂ ನಾಚಿಕೆಯಾಯಿತೋ ಏನೋ, ಕಾಣಿಸುವುದು ಕಡಿಮೆಯಾಯಿತು. ಬುದ್ಧಿ ಬಂತು ಎಂದು ನಾನು ಹೇಳಲಾರೆ. ಬೇರೆ ಸುರಂಗ ಹುಡುಕಿಕೊಂಡಿರಬಹುದು. ಲೈಟು ಮಾತ್ರ ನಾನು ಹೊರಡುವವರೆಗೂ ಮಿಣುಕುತ್ತಲೇ ಇತ್ತು.

ಹೊರಡುವ ಮುಂಚೆ ಭವಾನಿಗೆ ಪಾನಿ ಮಾಡುವುದನ್ನು ಕಲಿಸಿದೆ. ರಾನ್‌ಗೆ ಅದು ಚಟವಾಗಿತ್ತು. ಸರದಿ, ಕೆಮ್ಮು, ಪಾನಿ, ಎಲ್ಲವನ್ನೂ ಅವಳು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು, ಊರಿಗೆ ಬರುವುದಿಲ್ಲ ಎಂಬುದೊಂದನ್ನು ಬಿಟ್ಟು.

ಮತ್ತೆ ಬಂಗಾರಪೇಟೆ

ಸ್ಟೇಷನ್ನಿನಲ್ಲಿ ಲಕ್ಷ್ಮಿ ನನ್ನ ಹಿಂದೆ ಹಿಂದೆ ನೋಡಿದಳು, ಇನ್ನೊಬ್ಬರು ಇಳಿಯುತ್ತಾರೇನೋ ಎಂದು. "ಎಲ್ಲಕ್ಕಾ ಭವಾನಿ?"

ನಾನು ಉತ್ತರಿಸುವ ಮುಂಚೆ ಯಜಮಾನರು ಹೇಳಿದರು: "ಮುಂದಿನ್ ತಿಂಗ್ಳು ಬತ್ತಾಳೆ. ರಜ ಸಿಕ್ಕಿರಲ್ಲ."

ಮನೆಗೆ ಬಂದರೆ ನಡುಮನೆಯಲ್ಲಿ ಮಾಲೂರಿನ ಸೋದರಮಾವ ಕೂತಿದ್ದ, ಪಕ್ಕದಲ್ಲಿ ಬಾಯಿಲ್ಲದ ಗಂಡು. ರಾತ್ರಿಯ ಊಟಕ್ಕೆ ಎಲೆ ಹಾಕುವ ಹೊತ್ತು, ಅಲ್ಲಿ ಭವಾನಿ ಬಸ್ಸಿಳಿಯುವ ಹೊತ್ತು. ಲಕ್ಷ್ಮಿ ಫೋನು ಹಚ್ಚಿ ಎಲ್ಲರಿಗೂ ಕೇಳಿಸುವ ಹಾಗೆ ನಡುವೆ ಇಟ್ಟಳು.

ಭವಾನಿ "ಅಮ್ಮಾ" ಎಂದದ್ದಷ್ಟೇ. "ಹುಡುಗಿಗೆ ಒಪ್ಪಿಗೇನೇ ಬಿಡಿ," ಎಂದ ಸೋದರಮಾವ. "ಅವ್ಳಿಗೇನ್ ಗೊತ್ತಾಗ್ತೈತೆ, ನಾವ್ ಏಳ್ದಂಗೆ ಕೇಳ್ತಾಳೆ," ಎಂದರು ಯಜಮಾನರು. "ಅವ್ಳಿಗಲ್ಲಿ ಸಾಕಾಗೋಗೈತೆ, ನಂಗೊತ್ತು," ಎಂದಳು ಲಕ್ಷ್ಮಿ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ಫೋನು ಸುಮ್ಮನಿತ್ತು.

ನಾನು ಎದ್ದು ನಿಂತೆ. "ಎಲ್ರೂ ಸ್ವಲ್ಪ ಸುಮ್ಕಿರಿ," ಎಂದೆ. ಯಜಮಾನರು ಬಾಯಿ ತೆರೆದರು. "ನೀವೂನೂ. ಅವ್ಳು ಮಾತಾಡ್ಲಿ."

ನನ್ನ ಸ್ವರ ನಮ್ಮ ನಡುಮನೆಯಲ್ಲಿ ಅಷ್ಟು ಜೋರಾಗಿ ಯಾವತ್ತೂ ಕೇಳಿರಲಿಲ್ಲ.

"ಅಮ್ಮ," ಎಂದಳು ಭವಾನಿ. "ನಾನ್ ಬರಲ್ಲ. ಮದ್ವೆ ಬ್ಯಾಡ. ಕೆಲ್ಸ ಬಿಡಲ್ಲ. ನಂಗಿಲ್ಲಿ ಇರೋಕೆ ಇಷ್ಟ."

ಸೋದರಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಮೊದಲ ಸಲ ಆ ಗಂಡು ಬಾಯಿ ಬಿಟ್ಟ: "ನಂಗೂ ಬ್ಯಾಡ, ಮಾವ." ಆ ಹುಡುಗನನ್ನೂ ಯಾರೂ ಕೇಳಿರಲಿಲ್ಲ.

ಲಕ್ಷ್ಮಿ ಯಾರನ್ನೂ ನೋಡಲಿಲ್ಲ. ಅವಳ ಕಣ್ಣು ಫೋನಿನ ಮೇಲೆಯೇ ಇತ್ತು. ಅಲ್ಲಿಂದ ಗಾಳಿಯ ಸದ್ದು, ಬಸ್ಸು ಹೊರಟ ಸದ್ದು, ಒಂದು ನಾಯಿ ಬೊಗಳಿದ ಸದ್ದು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ.

"ಕತ್ಲಾಗೈತಾ ಅಲ್ಲಿ?" ಎಂದಳು.

"ಊಂನಮ್ಮ."

"ಇವತ್ತು ಯಾರ್ ಬಂದವ್ರೆ ನಿನ್ನ ಕರ್ಕೊಂಡೋಗಕ್ಕೆ?"

"ರಾನ್ ತಾತ. ಇವತ್ತು ಅವರ ಸರದಿ."

ಲಕ್ಷ್ಮಿ ಫೋನನ್ನು ಎತ್ತಿ ಕಿವಿಗೆ ಒತ್ತಿಕೊಂಡು, ನಮಗೆಲ್ಲ ಬೆನ್ನು ಮಾಡಿ, ಅಡುಗೆಮನೆಯ ಕಡೆ ನಡೆದಳು. "ಆ ವಯಸ್ಸಾದೋರ್ಗೆ ಖಾರದ ನೀರು ಜಾಸ್ತಿ ಕೊಡ್ಬ್ಯಾಡ ಕಣೇ," ಎನ್ನುತ್ತಿದ್ದಳು. "ಕೆಮ್ಮು ಅಂತೀಯ. ನಾಳೆನೂ ಬರ್ಬೇಕಲ್ಲ ಅವ್ರು."